ನಾಲ್ಕು ಕಪ್ ಚಹಾ

ಗಿಪ್ಸ್‌ಲ್ಯಾಂಡ್ ಎಂಬ ಹೈನಿನ ಸೀಮೆಯ ಗುಡ್ಡದ ಮೇಲಿನ ಆ ಮನೆಗೆ ಯಾರು ಬಂದರೂ ಮೊದಲು ಒಲೆಗೆ ಕೆಟಲ್ ಏರಬೇಕು, ಆಮೇಲೆ ಮಾತು. ಈಗ ಯಜಮಾನ ಕ್ಲೆಮ್‌ನ ಗುಂಡಿಗೆ ಸೋತಿತ್ತು. ದಿನಕ್ಕೆ ಸಾವಿರ ಮಿಲಿಲೀಟರ್‌ಗಿಂತ ಹೆಚ್ಚು ಕುಡಿದರೆ ಅದೆಲ್ಲ ಶ್ವಾಸಕೋಶದಲ್ಲೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹೆಂಡತಿ ಏವಿಸ್ ಊರಿನ ಕೇಕುಗಳನ್ನೆಲ್ಲ ಬೇಯಿಸಿದವಳು. ಒಂದು ಕಪ್ ಅಂದರೆ ಇನ್ನೂರೈವತ್ತು, ಹಾಗಾದರೆ ದಿನಕ್ಕೆ ನಾಲ್ಕು ಕಪ್ ಎಂದು ನಿಂತಲ್ಲೇ ಲೆಕ್ಕ ಹಾಕಿದಳು. ಸೂಪು ನಿಂತಿತು, ನೀರು ನಿಂತಿತು. ಕ್ಲೆಮ್‌ನ ನೀಲಿ ಮಗ್ಗಿನಲ್ಲಿ ನಾಲ್ಕು ಸಲ ಚಹಾ, ಮಾತ್ರೆಯೂ ಅದರಲ್ಲೇ. ಆದರೂ ಅವನ ಕಾಲು ಊದಿ ಬೂಟಿಗೆ ಹಿಡಿಸದಾಯಿತು. ಮಲಗಿದರೆ ಎದೆಯೊಳಗೆ ಕೆರೆಯೊಂದು ಏರಿಬಂದಂತೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲೇ ಕೂತು ಬೆಳಗು ಮಾಡುತ್ತಿದ್ದ.

ಒಂದು ದಿನ ಕ್ಲೆಮ್‌ನ ತಂಗಿ ಮೆರ್ಲ್ ಬಂದವಳು, ಅತ್ತಿಗೆಯನ್ನು ಕೂರಿಸಿ, ತಾನೇ ಚಹಾದ ಜೊತೆಗೆ ಸ್ಕೋನ್ ಬನ್ನು ಮಾಡುತ್ತೇನೆಂದು ಹಿಟ್ಟಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಅಣ್ಣನ ಮಗ್ಗು. ಒಂದು ಕಪ್ ಹಾಲೆಂದು ಅದರ ತುಂಬ ಹಿಡಿದು ಸುರಿದಳು. ಉಂಡೆಯಾಗಬೇಕಾದ ಹಿಟ್ಟು ಗಂಜಿಯ ಹಾಗೆ ಹರಿಯಿತು.

"ಅಲ್ವೇ ಮೆರ್ಲ್, ಇದನ್ನ ಕರುಗಳಿಗೆ ಕುಡಿಸೋಣ ಅಂತಾನಾ? ಕಪ್ ಅಂದ್ರೆ ಅಳತೆ ಕಪ್ ಕಣೇ, ಕುಡಿಯೋ ಮಗ್ಗಲ್ಲ," ಅಂದ ಏವಿಸ್ ಆ ಮಗ್ಗನ್ನೇ ಕೈಗೆತ್ತಿಕೊಂಡಳು.

ಮಗ್ಗು ತೊಳೆದು, ಅಳತೆ ಕಪ್ಪಿನಿಂದ ಅದಕ್ಕೆ ನೀರು ಸುರಿದಳು. ತುಂಬಲಿಲ್ಲ. ಮತ್ತರ್ಧ ಸುರಿದಾಗ ಅಂಚಿಗೆ ಬಂತು. ನಾಲ್ಕು ಎಂದುಕೊಂಡು ಕುಡಿಸಿದ್ದು ಆರು, ಒಂದೂವರೆ ಲೀಟರು. ಕೇಕಿಗೆ ಒಂದು ಚಮಚ ಹಾಲು ಹೆಚ್ಚಾದರೆ ಸಹಿಸದವಳಿಗೆ ಚಹಾ ಅಳೆಯಬೇಕೆಂದು ಹೊಳೆದೇ ಇರಲಿಲ್ಲ. ಚಹಾವನ್ನು ಯಾರು ಅಳೆಯುತ್ತಾರೆ?

ಮೆರ್ಲ್ ಹೋದ ಮೇಲೆ ಗಂಡನಿಗೆ ಹೇಳಿದಳು. ಅವನು ಕಿಟಕಿಯಾಚೆಯ ಹಸುಗಳಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿತ್ತು ಕಣೇ. ಜೀವಮಾನವೆಲ್ಲ ಹಾಲು ಅಳೆದವನು ನಾನು."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಬಿಟ್ಟಿದ್ರೆ ನೀನು ಅಳತೆಗೆ ಇಳೀತಿದ್ದೆ. ಬಂದೋರೆಲ್ಲ ಮಗ್ಗು ತುಂಬಿಸ್ಕೊಂಡು ಕೂತಿರುವಾಗ ನಾನು ಎರಡು ಗುಟುಕಿಗೇ ಬಾಯೊರೆಸ್ಕೊಂಡು ಕೂತ್ರೆ, ಯಾರು ತಾನೇ ಕೂರ್ತಾರೆ ಹೇಳು?"

ಏವಿಸ್ ಮಾರನೆಯ ದಿನದಿಂದ ಅಳೆದೇ ಕೊಟ್ಟಳು.

ಬರಬರುತ್ತ ಕಾಲಿನ ಬಾವು ಇಳಿಯಿತು. ಕ್ಲೆಮ್ ಹಾಸಿಗೆಯಲ್ಲಿ ಮಲಗುವಂತಾದ. ಪಕ್ಕದ ಹೊಲದ ಡೆಸ್ ಎಂದಿನಂತೆ ಹರಟೆಗೆ ಬಂದ; ಒಣತುಟಿ ನೆಕ್ಕುತ್ತ ಕೂತ ಕ್ಲೆಮ್‌ನ ಎದುರು ಚಹಾ ಹೀರಲಾಗದೆ, ಬೇಲಿ ಮುರಿದಿದೆ ಎಂದೇನೋ ನೆಪ ಹೇಳಿ ಎದ್ದ. ಆಮೇಲೆ ಬರಲಿಲ್ಲ. ಮೆರ್ಲ್ ಕೂಡ ಫೋನಿನಲ್ಲೇ ವಿಚಾರಿಸತೊಡಗಿದಳು.

ಒಂದು ಮಧ್ಯಾಹ್ನ ಡೆಸ್‌ನ ಗಾಡಿ ಗೇಟಿನ ಬಳಿ ನಿಧಾನವಾಯಿತು. ಕ್ಲೆಮ್ ಕುರ್ಚಿಯಲ್ಲಿ ನೆಟ್ಟಗಾಗಿ, ಅಂಗಿಯ ಕಾಲರು ಸರಿಮಾಡಿಕೊಂಡ. ಗಾಡಿ ಮುಂದೆ ಹೋಯಿತು. ಏವಿಸ್ ಅವನ ಉಸಿರಿಗೆ ಕಿವಿಗೊಟ್ಟಳು. ಅದು ಸಲೀಸಾಗಿ ಆಡುತ್ತಿತ್ತು. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ.