ಗರಡಿಮನೆಯ ಎರಡು ತಾಸು

ಹೇಳಬಾರದ್ದನ್ನು ಮದಿಹಾ ಹೇಳಿಬಿಟ್ಟಿದ್ದಳು. ಅದೂ ನಳದ ಕಟ್ಟೆಯ ಹತ್ತಿರ, ಕೊಡ ಹಿಡಿದು ನಿಂತ ಹೆಂಗಸರ ಮುಂದೆ. "ನನ್ನ ಪುರಸಭೆಗೆ ಆರಿಸಿ ಕಳಸ್ರಿ, ದಿನಾ ಮಧ್ಯಾಹ್ನ ಎರಡು ತಾಸು ಗರಡಿಮನಿ ಹೆಣ್ಮಕ್ಕಳಿಗೆ ಬಿಡಸ್ತೇನಿ." ಸವಣೂರಿನಲ್ಲಿ ಇಂಥ ಮಾತು ನಿಂತ ಕಡೆ ನಿಲ್ಲುತ್ತದೆಯೇ? ಕೊಡ ಮನೆ ಮುಟ್ಟುವುದರೊಳಗೆ ಮಾತು ಗರಡಿ ಮುಟ್ಟಿತ್ತು. ಸಂಜೆಗೆ ಗರಡಿಯ ಉಸ್ತಾದ ಉಳಿವೆಪ್ಪನವರಿಂದ ಕರೆ ಬಂತು.

ಗರಡಿಮನೆ ಪುರಸಭೆಯದೇ ಜಾಗ, ಪುರಸಭೆಯದೇ ಕಟ್ಟಡ. ಹಾಗಂತ ಯಾರಾದರೂ ಅಲ್ಲಿ ಹೋಗಿ ಹೇಳಲಿ ನೋಡೋಣ! ಹೆಣ್ಣಿನ ಕಾಲು ಅದರೊಳಗೆ ಬಿದ್ದದ್ದೇ ಇಲ್ಲ. ಅಲ್ಲಿ ಸಾಮು ಮಾಡಿದ ಹಿಂದೂ ಮನೆಗಳೂ ಮುಸಲ್ಮಾನ ಮನೆಗಳೂ ಬೇರೆ ಎಲ್ಲದಕ್ಕೂ ಜಗಳಾಡಿಯಾರು, ಈ ಒಂದು ವಿಷಯಕ್ಕೆ ಮಾತ್ರ ಒಗ್ಗಟ್ಟು. ಆ ಮನೆಗಳ ಓಟು ಹೋದರೆ ಮದಿಹಾ ಗೆದ್ದಂತೆಯೇ!

"ಬಾಯಿ ತಪ್ಪಿ ಬಂತು ಅನ್ನು ಬೇಟಿ, ಮುಗೀತು," ಎಂದು ಮಾವ ಅಲ್ಲಾಭಕ್ಷ ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. "ನಾಡದ್ದು ಓಟು. ಗೆದ್ದ ಮ್ಯಾಲ ಬೇಕಾದ್ದು ಮಾಡಾಕ ಬರ್ತದ."

ಮದಿಹಾ ಮುಂದೆ ಮುಂದೆ ನಡೆದಳು. ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ್ದೇ ಕೊನೆ, ಆಮೇಲೆ ಮನಸೋಕ್ತ ಓಡಲಿಕ್ಕೆ ಈ ಊರಲ್ಲಿ ಅವಳಿಗೊಂದು ಜಾಗ ಸಿಕ್ಕಿರಲಿಲ್ಲ. ಈಗ ಮಗಳು ನುಜಹತ ಮಾಳಿಗೆಯ ಮೇಲೆ ಹಗ್ಗ ಜಿಗಿದರೆ ಪಕ್ಕದ ಮನೆಯವರು ಕಣ್ಣು ಕೆಕ್ಕರಿಸುತ್ತಾರೆ. ಕ್ರೀಡೆ, ಸಂಸ್ಕೃತಿ ಎಂದು ಎಲ್ಲ ಪಕ್ಷದವರೂ ಮೈಕು ಹಿಡಿದು ಒದರುತ್ತಾರೆ. ಅವರ ಕ್ರೀಡೆಯೂ ಗಂಡುಮಕ್ಕಳದೇ, ಸಂಸ್ಕೃತಿಯೂ ಗಂಡುಮಕ್ಕಳದೇ, ಸುಡಲಿ.

ಗರಡಿಯ ಬಾಗಿಲು ಗಿಡ್ಡ. ಹೊಸ್ತಿಲು ದಾಟಿದರೆ ಕೆಮ್ಮಣ್ಣಿನ ಅಖಾಡ. ಸುತ್ತ ಪೈಲವಾನರು, ಹಿರಿಯರು ಕುಳಿತಿದ್ದರು. ಮದಿಹಾ ಹೊಸ್ತಿಲ ಹೊರಗೇ ನಿಂತಳು. ಅವಳ ಬೆನ್ನ ಹಿಂದೆ ಓಣಿಯ ಹೆಂಗಸರು, ಅವರ ನಡುವೆ ಉಸ್ತಾದರ ಹೆಂಡತಿ ಶೇಖವ್ವ. ಅಖಾಡದ ಮಣ್ಣಿಗೆ ಕಲಸುವ ಮಜ್ಜಿಗೆಯನ್ನು ಮದುವೆಯಾದಾಗಿನಿಂದ ಈ ಹೊಸ್ತಿಲ ತನಕ ಹೊತ್ತು ತಂದವಳು ಆಕೆ. ಒಳಗೆ ಕಾಲಿಟ್ಟವಳಲ್ಲ.

"ಹೇಳವ್ವಾ," ಎಂದರು ಉಳಿವೆಪ್ಪ, ದನಿ ಏರಿಸದೆ. "ಗರಡಿ ಬಿಡಸ್ತೇನಿ ಅಂದದ್ದು ಖರೇನೋ ಸುಳ್ಳೋ?"

ಮಾವ ಕೆಮ್ಮಿದರು. "ಬಾಯಿ ತಪ್ಪಿ..."

"ನಿನ್ನ ಕೇಳಿಲ್ಲ, ಅಲ್ಲಾಭಕ್ಷ. ಇಲೆಕ್ಷನ್ನಿಗೆ ನಿಂತಾಕಿ ಅಕಿ."

ಸುಳ್ಳು ಎಂದರೆ ಸಾಕು, ಓಟು ಉಳಿಯುತ್ತಿದ್ದವು. "ಖರೇರಿ," ಎಂದಳು ಮದಿಹಾ. ಗುಜುಗುಜು ಎದ್ದಿತು. ಅಂಜಿಕೆಯಲ್ಲಿ ಮತ್ತೇನು ಹೇಳಬೇಕೆಂದು ತೋಚಲಿಲ್ಲ. ಆಣೆ ಮಾಡಿದರಾದರೂ ನಂಬಿಯಾರು ಎಂದು, ಬಗ್ಗಿ ಹೊಸ್ತಿಲಾಚೆಯ ಮಣ್ಣನ್ನು ಒಂದು ಹಿಡಿ ತೆಗೆದು ಉಸ್ತಾದರತ್ತ ಕೈ ಚಾಚಿದಳು. "ಈ ಮಣ್ಣಿನಾಣಿರಿ, ನಿಮ್ಮ ತಾಲೀಮಿಗೆ ಒಂದು ದಿನಾನೂ ಅಡ್ಡಿ ಮಾಡೂದಿಲ್ಲ..."

ಮಾವ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಏನ ಮಾಡಿದಿ ಬೇಟಿ? ಗರಡ್ಯಾಗ ಮಣ್ಣ ಹಿಡದು ಕೈ ಚಾಚಿದ್ರ ಕುಸ್ತಿಗೆ ಕರದಂಗ!"

ಆಣೆಯಲ್ಲ ಅದು, ಸವಾಲು. ಎದುರಿನವರು ಮಣ್ಣು ಇಸಕೊಂಡರೆ ಕುಸ್ತಿ ಹಿಡಿಯಲೇಬೇಕು, ಇಸಕೊಳ್ಳದಿದ್ದರೆ ಸೋತಂತೆ. ಹಾನಗಲ್ಲ, ಹಿರೇಕೆರೂರಿನ ಕಣಗಳಲ್ಲೆಲ್ಲ ಹೆಸರು ಮಾಡಿದ ಉಳಿವೆಪ್ಪ ಹೆಣ್ಣುಮಗಳ ಕೈಯಿಂದ ಮಣ್ಣು ಇಸಕೊಳ್ಳುವುದುಂಟೆ? ಇಸಕೊಳ್ಳದೆ ಸೋಲುವುದಾದರೂ ಉಂಟೆ? ಉಸ್ತಾದರ ಮುಖ ಕೆಂಪಗಾಯಿತು.

ಪೈಲವಾನ ಬಿಲಾಲ ಎದ್ದು ನಿಂತ. "ಕೈ ಕೆಳಗ ಮಾಡ್ರಿ ಅಕ್ಕಾರ."

ಇಳಿಸಿದರೆ ತಾನು ಸೋತಂತೆ, ಆ ಎರಡು ತಾಸೂ ಹೋದಂತೆ. ಮದಿಹಾ ಕೈ ಇಳಿಸಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳನ್ನು ಸರಿಸಿ ಒಳಗೆ ನುಗ್ಗಿದರು. ಶೇಖವ್ವ! ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಅಖಾಡದೊಳಗೆ ನಿಂತು ಮದಿಹಾಳ ಕೈಯಿಂದ ಮಣ್ಣು ಇಸಕೊಂಡೇಬಿಟ್ಟಳು.

"ಗಂಡಸರ ಕೂಡ ಹ್ಯಾಂಗ ಹಿಡೀತಿ? ಬಾ, ನನ್ನ ಕೂಡ ಹಿಡಿ."

"ಏ ಇಕಿನ! ಹೊರಗ ನಡಿ!" ಉಳಿವೆಪ್ಪ ಗುಡುಗಿದರು.

"ಮಣ್ಣ ಇಸಕೊಂಡ ಮ್ಯಾಲ ಕುಸ್ತಿ ಆಗದ ಹೊರಗ ಹೋದ್ರ ಸೋತಂಗ ಅಂತ ಊರಿಗೆಲ್ಲಾ ನೀವ ಹೇಳ್ತೀರಿ. ನಿಮ್ಮ ಹೇಣ್ತಿ ಸೋಲಬೇಕೇನು?"

ಯಾರೋ ನಕ್ಕು, ಉಸ್ತಾದರ ಮುಖ ಕಂಡು ನಗು ನುಂಗಿಕೊಂಡರು. ಮದಿಹಾಳೂ ಚಪ್ಪಲಿ ಬಿಟ್ಟು ಒಳಗಿಳಿದಳು. ಮಣ್ಣು ತಣ್ಣಗಿತ್ತು. ಇಬ್ಬರೂ ಎದುರುಬದುರು ಬಗ್ಗಿ ಕೈಗೆ ಕೈ ಹಚ್ಚಿದರು. ಇನ್ನು ಉಸ್ತಾದರು ಹೂಂ ಎಂದರೆ ಕುಸ್ತಿ. ಇಷ್ಟು ಗಂಡಸರ ಕಣ್ಣೆದುರು, ಸ್ವಂತ ಹೆಂಡತಿಯ ಕುಸ್ತಿ! ಉಳಿವೆಪ್ಪ ಶೇಖವ್ವನ ಮುಖ ನೋಡಿದರು, ಸುತ್ತ ಕುಳಿತವರ ಮುಖ ನೋಡಿದರು.

"ಏಳ್ರಿ," ಎಂದರು ಅವರು ಕೊನೆಗೆ. "ಗಂಡಸರೆಲ್ಲಾ ಹೊರಗ ನಡ್ರಿ."

ಒಬ್ಬೊಬ್ಬರೇ ಎದ್ದು ತಲೆ ಬಗ್ಗಿಸಿ ಬಾಗಿಲು ದಾಟಿದರು. ಓಣಿಯ ಹೆಂಗಸರು ಅವರನ್ನು ತಿಕ್ಕಿಕೊಂಡೇ ಒಳಗೆ ಬರುತ್ತಿದ್ದರು. ಬಿಲಾಲ ಹೊಸ್ತಿಲಲ್ಲಿ ತಿರುಗಿ ನಿಂತ. "ಉಸ್ತಾದ, ನೀವು?"

"ನಾ ಏನು ಹೆಣ್ಮಗಳೇನು?" ಎಂದು ಉಳಿವೆಪ್ಪ ತಾವೂ ಹೊರಗೆ ಹೋಗಿ ಕದ ಎಳೆದುಕೊಂಡರು.