ಬೋಳಕ್ಷರಕ್ಕೆ ಕುಡಿ

ಮಗಳು ಕೆತ್ತನೆಯವನ ಕೈಯಿಂದ ಅಪ್ಪನ ಶವಪೆಟ್ಟಿಗೆಯ ಹಿತ್ತಾಳೆ ತಗಡನ್ನು ಕಿತ್ತುಕೊಂಡಾಗ ಅದರ ಮೇಲೆ ಇನ್ನೂ ಒಂದಕ್ಷರವೂ ಬಿದ್ದಿರಲಿಲ್ಲ.

"ಏನಮ್ಮಾ ಇದು? ಮಧ್ಯಾಹ್ನಕ್ಕೆ ಗಾಡಿ ಬರುತ್ತೆ, ಬೇಗ ಕೆತ್ತು ಅಂತ ನೀವೇ ಅವಸರ ಮಾಡಿದ್ರಿ."

"ಈ ಅಕ್ಷರ ಬೇಡ."

"ನನ್ನ ಮಿಷಿನ್‌ನಲ್ಲಿ ಇರೋದೇ ಇದು. ಎಲ್ಲರ ಪೆಟ್ಟಿಗೆ ಮೇಲೂ ಇದನ್ನೇ ಕೆತ್ತಿದ್ದೀನಿ. ಇದುವರೆಗೆ ಯಾರೂ ಎದ್ದು ಬಂದು ಚೆನ್ನಾಗಿಲ್ಲ ಅಂದಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಬಸ್ಸಿನ ಹಣೆಯ ಮೇಲೆ, ಆಸ್ಪತ್ರೆಯ ಬಾಗಿಲ ಮೇಲೆ, ಔಷಧಿ ಡಬ್ಬಿಯ ಬೆನ್ನ ಮೇಲೆ ಎಲ್ಲ ಕಡೆಯೂ ಅದೇ ಅಕ್ಷರ. ಗೆರೆಯಲ್ಲಿ ದಪ್ಪ ಸಣ್ಣ ಇಲ್ಲ, ತುದಿಯಲ್ಲಿ ಒಂದು ಕೊಂಕಿಲ್ಲ. ಜನ ಅದನ್ನು ಬೋಳಕ್ಷರ ಅನ್ನುತ್ತಾರೆ. ಅದನ್ನು ಬರೆದವರು ದೊಡ್ಡಪ್ಪ, ಅಪ್ಪನ ಒಡಹುಟ್ಟಿದ ಅಣ್ಣ.

ಅಪ್ಪ ಅದೇ ಬೋಳಕ್ಷರವನ್ನು ಹಿಡಿದು ಇನ್ನೊಂದು ಮಾಡಿದ್ದ. ಪುಸ್ತಕ ಓದುವವರ ಕಣ್ಣಿಗೆ ಹಿತವಾಗಿರಲಿ ಅಂತ ಪ್ರತಿ ಗೆರೆಯ ತುದಿಗೂ ಚಿಕ್ಕದೊಂದು ಕುಡಿ ಇರುವ ಅಕ್ಷರ. ಕೆಲಸ ಮುಗಿದಿತ್ತು, ಆದರೆ ಅದು ಮನೆಯ ಅಂಗಳ ದಾಟಿರಲಿಲ್ಲ. "ಅಣ್ಣ ಒಂದು ಸಲ ಹೂಂ ಅನ್ನಲಿ, ಆಮೇಲೆ ಅಚ್ಚಿಗೆ ಕೊಡೋಣ" ಅನ್ನುತ್ತಿದ್ದ ಅಪ್ಪ. ಅಣ್ಣ ಹೂಂ ಅನ್ನಲಿಲ್ಲ. ಇಂಥ ಹಟಮಾರಿಗಳು ಒಂದೇ ಹೊಟ್ಟೆಯಲ್ಲಿ ಇಬ್ಬಿಬ್ಬರು ಹುಟ್ಟಬಾರದು. ಈಗ ನೋಡಿದರೆ ಅಪ್ಪ ಹಜಾರದಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಾನೆ, ಅವನ ಹೆಸರನ್ನು ಯಾವ ಅಕ್ಷರದಲ್ಲಿ ಕೆತ್ತಬೇಕು ಅನ್ನುವುದೇ ತೀರ್ಮಾನವಾಗಿಲ್ಲ.

ದೊಡ್ಡಪ್ಪ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಂದವರಿಗೆಂದು ಹಾಕಿದ್ದ ಕುರ್ಚಿಗಳ ಸಾಲನ್ನು ನೇರ ಮಾಡಿದರು. ಜನ ಕೂತೆದ್ದು ಕೆಡಿಸಿದರು. ಅವರು ಮತ್ತೆ ನೇರ ಮಾಡಿದರು.

"ದೊಡ್ಡಪ್ಪಾ, ತಗಡಿಗೆ ಅಪ್ಪನ ಅಕ್ಷರ ಹಾಕಿಸ್ಲಾ?"

"ಇವತ್ತು ಅದೆಲ್ಲ ಯಾಕಮ್ಮಾ? ಹೆಸರು ಓದೋಕೆ ಬಂದ್ರೆ ಸಾಕು."

"ನೀವು ಹೂಂ ಅನ್ನದೆ ಅದನ್ನ ಹೊರಗೆ ತರಬಾರದು ಅಂತ ಅಪ್ಪನ ಮಾತು. ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ."

"ನಾನು ಅದನ್ನ ಸರಿಯಾಗಿ ನೋಡೇ ಇಲ್ಲ."

"ನೋಡು ಬಾ ಅಂತ ಅಪ್ಪ ಎಷ್ಟು ಸಲ ಕರೆದ."

ದೊಡ್ಡಪ್ಪ ಒಂದು ಕುರ್ಚಿಯನ್ನು ಬೆರಳಷ್ಟು ಹಿಂದಕ್ಕೆ ತಳ್ಳಿದರು.

*

ಬೋಳಕ್ಷರ ಹುಟ್ಟಿದ್ದು ಅಡುಗೆಮನೆಯ ಮೇಜಿನ ಮೇಲೆ. ಆಗ ಅಣ್ಣನಿಗೆ ಬೋರ್ಡು ಬರೆಯುವ ಅಂಗಡಿಯಲ್ಲಿ ಕೆಲಸ, ತಮ್ಮನಿಗೆ ಕೆಲಸವೇ ಇರಲಿಲ್ಲ. ಊಟದ ತಟ್ಟೆ ಎತ್ತಿದ ಮೇಲೆ ಮೇಜು ಅಣ್ಣನದು. ಹಳೆಯ ಅಚ್ಚಿನ ಅಕ್ಷರವನ್ನು ದೊಡ್ಡದಾಗಿ ಬರೆದುಕೊಂಡು ಅದರ ಬಾಲ, ಕೊಕ್ಕೆ, ಬೆಡಗು ಎಲ್ಲವನ್ನೂ ಒಂದೊಂದಾಗಿ ಅಳಿಸುತ್ತಿದ್ದ. ಕಾಗದದ ತುಂಬ ರಬ್ಬರಿನ ಪುಡಿ ಬೀಳುತ್ತಿತ್ತು. ಕೈಯಿಂದ ಒರೆಸಿದರೆ ಪೆನ್ಸಿಲಿನ ಮಸಿ ಹರಡುತ್ತದೆ. ಅದಕ್ಕೇ ತಮ್ಮನನ್ನು ಎದುರಿಗೆ ಕೂರಿಸಿಕೊಂಡು "ಊದೋ" ಅನ್ನುತ್ತಿದ್ದ. ತಮ್ಮ ಬಗ್ಗಿ ಊದುತ್ತಿದ್ದ.

"ಕೈ ನಿಂದು, ಉಸಿರು ನಂದು. ನಾಳೆ ಇದಕ್ಕೆ ಹೆಸರು ಬಂದ್ರೆ ನಂಗೂ ಪಾಲು ಕೊಡಬೇಕು."

"ಊದಿದ್ದಕ್ಕೆ ಪಾಲು ಕೇಳೋನು ಲೋಕದಲ್ಲಿ ನೀನೊಬ್ಬನೇ ಕಣೋ. ಊದು, ತಲೆ ತಿನ್ನಬೇಡ."

ಹೆಸರು ಬಂತು, ಅಣ್ಣನಿಗೆ. ತಮ್ಮ ಪುಸ್ತಕ ಅಚ್ಚು ಹಾಕುವ ಕಡೆ ಸೇರಿ ತಾನೂ ಅಕ್ಷರ ಬರೆಯುವುದನ್ನು ಕಲಿತ. ವರ್ಷಗಳ ಮೇಲೆ ಒಂದು ದಿನ ಬೋಳಕ್ಷರಕ್ಕೆ ಕುಡಿ ಇಟ್ಟು, ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಅಣ್ಣನ ಮನೆಗೆ ಹೋದ. ಅಷ್ಟು ಹೊತ್ತಿಗೆ ಅಣ್ಣನ ತಲೆಗೂದಲೂ ಹೋಗಿತ್ತು.

"ನನ್ನ ಬೋಳು ತಲೆಗೆ ಜುಟ್ಟು ಕಟ್ಟೋಕೆ ಬಂದ್ಯೇನೋ? ನಾನು ಕಿತ್ತು ಬಿಸಾಕಿದ್ದನ್ನೆಲ್ಲ ಹೆಕ್ಕಿ ತಂದು ಅಂಟಿಸಿದ್ದೀಯಲ್ಲ."

ತಮ್ಮ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತ. "ಅಣ್ಣ ಹೇಳಿದ್ದು ಸರಿ ಕಣೇ" ಅಂದ ಹೆಂಡತಿಗೆ. "ಅಂಟಿಸಿದ್ದೇ ಅದು. ಬರಿಗಾಲಲ್ಲಿ ನಡೆಯೋನು ಚಪ್ಪಲಿ ಹಾಕಿದ್ರೆ ನಡಿಗೆನೇ ಬೇರೆ ಆಗುತ್ತೆ. ನಾನು ಚಪ್ಪಲಿ ನೋಡಿದೆ, ನಡಿಗೆ ನೋಡ್ಲಿಲ್ಲ."

"ಹಾಗಾದ್ರೆ ಬಿಟ್ಟುಬಿಡಿ."

"ಬಿಡೋದಾ? ಮೊದಲಿಂದ ಬರೀತೀನಿ. ಕುಡಿ ಒಳಗಿಂದ ಚಿಗುರಬೇಕು."

ಮೊದಲಿನಿಂದ ಬರೆದ. ಅದು ಅಣ್ಣನಿಗೆ ಗೊತ್ತಾಗಲಿಲ್ಲ. ಅಣ್ಣ ಬಂದರೂ ಹಜಾರದಲ್ಲಿ ಟೀ ಕುಡಿದು, ಅವರಿವರ ಸುದ್ದಿ ಮಾತಾಡಿ ಹೋಗುತ್ತಿದ್ದ. ತಮ್ಮ ಕೆಲಸ ಮಾಡುವ ಹಿಂದಿನ ಕೋಣೆಯ ಹೊಸ್ತಿಲನ್ನು ಮಾತ್ರ ತುಳಿಯಲಿಲ್ಲ.

*

ಹತ್ತು ಜನ ಬಂದು ಹೋದ ಮೇಲೆ ಪ್ರೂಫಮ್ಮ ಬಂದಳು. ಅಪ್ಪನ ಜೊತೆ ಕೆಲಸ ಮಾಡಿದವಳು, ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದುವ ಹೆಂಗಸು. ಎಲ್ಲರೂ ಕರೆದು ಕರೆದು ಅದೇ ಅವಳ ಹೆಸರಾಗಿತ್ತು. ಅಪ್ಪನ ಮುಖ ನೋಡಿ ಜೋರಾಗಿ ಅತ್ತಳು, ಮೂಗು ಒರೆಸಿಕೊಂಡಳು, ನೇರ ಮಗಳ ಹತ್ತಿರ ಬಂದಳು.

"ಅವರಣ್ಣ ಆ ಕೋಣೆ ನೋಡಿದ್ರಾ?"

"ಎಲ್ಲಿ? ಕುರ್ಚಿ ಜೋಡಿಸ್ತಿದ್ದಾರೆ."

"ಅಯ್ಯೋ, ಗೋಡೆಗಳೂ ಬಾಯಿ ಬಿಟ್ಟು ಕರೀತಿವೆ ಅಲ್ಲಿ."

*

ಹೊಸ ಅಕ್ಷರ ಬರೆಯುವವರು ಅದನ್ನು ಪರೀಕ್ಷೆ ಮಾಡಲು ಒಂದು ಮಾತು ಇಟ್ಟುಕೊಂಡಿರುತ್ತಾರೆ. ಅದನ್ನೇ ದೊಡ್ಡದು ಚಿಕ್ಕದು ಮಾಡಿ ಅಚ್ಚು ಹಾಕಿ ನೋಡುತ್ತಾರೆ. ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪನದು "ಅಣ್ಣ ಬಂದ."

"ಬೇರೆ ಏನೂ ಸಿಗಲಿಲ್ವಾ ನಿಮಗೆ?" ಎಂದು ಪ್ರೂಫಮ್ಮ ಕೆಣಕಿದ್ದಳು. "ದಿನಾ ಬಂದ ಬಂದ ಅಂತೀರ. ಬಂದಿದ್ದಂತೂ ಕಾಣೆ."

"ನೋಡಮ್ಮಾ, 'ಅ' ಸುರುಳಿ ಸುತ್ತುತ್ತೆ. 'ಣ' ಬಳುಕುತ್ತೆ, ಅದರ ಒತ್ತು ಕೆಳಗೆ ನೇತಾಡುತ್ತೆ. 'ಬ' ಬಾಯಿ ತೆರೆದಿರುತ್ತೆ, ಸೊನ್ನೆ ಗುಂಡಗಿರುತ್ತೆ, 'ದ' ತಲೆಕಟ್ಟು ಹೊತ್ತಿರುತ್ತೆ. ನನಗಿರೋ ತಾಪತ್ರಯ ಎಲ್ಲ ಇಷ್ಟರಲ್ಲೇ ಇದೆ. ಇದು ಸರಿಹೋದ್ರೆ ಮಿಕ್ಕಿದ್ದೆಲ್ಲ ಸರಿಹೋಗುತ್ತೆ."

"ಅಷ್ಟೇನಾ?"

"ಅಷ್ಟೇ" ಅಂದ ಅಪ್ಪ. ಆಮೇಲೆ ಆ ಹಾಳೆಯನ್ನು ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಿದ.

*

ಕೆತ್ತನೆಯವನು ಬಾಗಿಲಿಗೆ ಬಂದು ಕೆಮ್ಮಿದ. "ಅಮ್ಮಾ, ಈಗ ಶುರು ಮಾಡದಿದ್ರೆ ಪೆಟ್ಟಿಗೆ ಬೋಳಾಗೇ ಹೋಗುತ್ತೆ."

ಮಗಳು ದೊಡ್ಡಪ್ಪನ ಕಡೆ ನೋಡಿದಳು. ದೊಡ್ಡಪ್ಪ ಕಿಟಕಿಯ ಕಡೆ ನೋಡಿದರು. ಬೆಳಗಿನಿಂದ ಪೆಟ್ಟಿಗೆಯ ಪಕ್ಕ ಕೂತಿದ್ದ ಅಮ್ಮ ಆಗ ತಲೆ ಎತ್ತಿದಳು.

"ಭಾವ, ಬದುಕಿರೋವರೆಗೂ ಇವರು ನಿಮ್ಮ ಅಕ್ಷರದ ಕೆಳಗೇ ಇದ್ರು. ಸತ್ತ ಮೇಲೂ ಅದರ ಕೆಳಗೇ ಮಲಗಬೇಕಾ?"

ದೊಡ್ಡಪ್ಪನ ಮುಖ ಕೆಂಪಾಯಿತು. ಸಿಟ್ಟಿಗೆ ಬಾಗಿಲು ದಾಟಿ ಹೊರಟೇ ಹೋಗುತ್ತಾರೆ ಅಂದುಕೊಂಡಳು ಮಗಳು. ಅವರು ಹಿಂದಿನ ಕೋಣೆಯ ಕಡೆ ಹೋದರು, ಮಗಳೂ ಹಿಂದೆಯೇ ಹೋದಳು.

ಹೊಸ್ತಿಲಲ್ಲಿ ತಡೆದು ನಿಂತರು, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾಲ್ಕೂ ಗೋಡೆಗಳ ಮೇಲೆ ಹಾಳೆಗಳಿದ್ದವು. ಅಂಗೈ ಅಗಲದ ಅಕ್ಷರದಲ್ಲಿ ಅಣ್ಣ ಬಂದ. ಕಡಲೆ ಕಾಳಿನಷ್ಟು ಅಕ್ಷರದಲ್ಲಿ ಅಣ್ಣ ಬಂದ. ದಪ್ಪಗೆ, ತೆಳ್ಳಗೆ, ಓರೆಯಾಗಿ, ಸಾಲು ಸಾಲಾಗಿ ಅಣ್ಣ ಬಂದ, ಅಣ್ಣ ಬಂದ, ಅಣ್ಣ ಬಂದ. ಹಳೆಯ ಹಾಳೆಗಳು ಹಳದಿಯಾಗಿದ್ದವು, ಮೇಜಿನ ಮೇಲಿನದು ಇನ್ನೂ ಬಿಳಿ ಇತ್ತು.

"ಇದೇನಮ್ಮಾ ಇದು?"

"ಪರೀಕ್ಷೆ ಮಾಡೋ ಮಾತು ದೊಡ್ಡಪ್ಪಾ. ಮೊದಲಿಂದಲೂ ಇದೇ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬೆರಳಿನಿಂದ 'ಅ'ದ ಸುರುಳಿಯನ್ನು ಹಿಂಬಾಲಿಸಿಕೊಂಡು ಬಂದು ಕುಡಿಯ ಹತ್ತಿರ ನಿಲ್ಲಿಸಿದರು.

"ಇದು ಅಂಟಿಸಿದ್ದಲ್ಲ" ಅಂದರು.

"ಎಲ್ಲಾನೂ ಹೊಸದಾಗಿ ಬರೆದ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಹಜಾರದಲ್ಲೇ ಕೂರ್ತಿದ್ರಲ್ಲ."

ದೊಡ್ಡಪ್ಪ ಮೇಜಿನ ಮೇಲಿನ ಬಿಳಿ ಹಾಳೆಯ ಮುಂದೆ ಕೂತು ತುಂಬ ಹೊತ್ತು ನೋಡಿದರು. ಕಣ್ಣೀರು ಮೂಗಿನ ತುದಿಗೆ ಬಂದು ಹಾಳೆಯ ಮೇಲೆ ಬಿತ್ತು. ಅವರು ಅದನ್ನು ಒರೆಸಲಿಲ್ಲ, ಒರೆಸಿದರೆ ಮಸಿ ಹರಡುತ್ತದೆ. ಅಪ್ಪನ ಪೆನ್ಸಿಲ್ ಅಲ್ಲೇ ಇತ್ತು. ಅದನ್ನು ತೆಗೆದುಕೊಂಡು 'ಅಣ್ಣ'ನಿಗೂ 'ಬಂದ'ಕ್ಕೂ ನಡುವೆ, ಮೇಲುಗಡೆ, ಬಾಗಿದ ಗೆರೆಯೊಂದನ್ನು ಎಳೆದರು. ಬಾಗಿಲಲ್ಲಿದ್ದ ಪ್ರೂಫಮ್ಮನಿಗೆ ಅದು ಗೊತ್ತಿರುವ ಗುರುತು. ಮಧ್ಯೆ ಜಾಗ ಜಾಸ್ತಿಯಾಗಿದೆ, ಹತ್ತಿರ ತನ್ನಿ ಅಂತ ಅರ್ಥ.

"ದಡ್ಡ. ಕುಡಿ ಇಟ್ಟ ಮೇಲೆ ಇಷ್ಟು ದೂರ ಬೇಕಾಗಿರಲಿಲ್ಲ" ಅಂದರು ದೊಡ್ಡಪ್ಪ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ದೊಡ್ಡಪ್ಪಾ, ಹೂಂನಾ?"

"ಹೂಂ" ಅಂದರು. ಒಂದು ಸಲ ಅಂದಿದ್ದು ಸಾಲದು ಅನ್ನಿಸಿತೋ ಏನೋ, ಎದ್ದು ಬಾಗಿಲವರೆಗೂ ಹೂಂ ಹೂಂ ಅನ್ನುತ್ತಲೇ ಹೋದರು.

ಗಾಡಿಯವನು ಗೊಣಗಿದ, ಕಾದ. ಕೆತ್ತನೆಯವನು ಅಪ್ಪನ ಹೆಸರಿಗೆ ಬೇಕಾದ ಅಕ್ಷರಗಳನ್ನು ಅವನು ವರ್ಣಮಾಲೆ ಬರೆದಿಟ್ಟಿದ್ದ ಹಾಳೆಯಿಂದ ಮಿಷಿನ್‌ಗೆ ಇಳಿಸಿಕೊಂಡು ಕೆಲಸ ಶುರು ಮಾಡಿದ. ಸೂಜಿ ಕಿರುಗುಟ್ಟಿತು. ಹಿತ್ತಾಳೆಯ ಪುಡಿ ಎದ್ದು ಅಕ್ಷರಗಳ ಮೇಲೆಲ್ಲ ಕೂತಿತು. ಮುಗಿದ ಮೇಲೆ ಅವನು ಒರೆಸಲು ಬಟ್ಟೆ ತೆಗೆದ.

"ಬೇಡ, ತಡಿ" ಅಂದರು ದೊಡ್ಡಪ್ಪ.

ತಗಡನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಊದಿದರು. ಮೊದಲ ಅಕ್ಷರದ ಕುಡಿ ಕಾಣಿಸಿತು. ಮತ್ತೆ ಊದಿದರು.