ಅಕ್ಕನ ಡಬ್ಬಿಯ ಕೊನೆಯ ಪೌಡರ್

"ಉಸಿರು ಹಿಡ್ಕೊಳ್ಳಿ," ಎಂದಳು ಯಂತ್ರದ ಆಚೆ ನಿಂತ ಟೆಕ್ನಿಷಿಯನ್, ಇಂಗ್ಲಿಷಿನಲ್ಲಿ. ಲತಾಶ್ರೀಗೆ ಅದನ್ನು ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಐದು ದಿನದಿಂದ ಅವಳು ನೆಟ್ಟಗೆ ಉಸಿರು ಬಿಟ್ಟಿದ್ದೇ ಇಲ್ಲ.

ಐದು ದಿನದ ಹಿಂದೆ ಫೋನ್ ಬಂದಿತ್ತು. ವರ್ಷಕ್ಕೊಮ್ಮೆ ತೆಗೆಸುವ ಸ್ತನದ ಎಕ್ಸ್‌ರೇಯಲ್ಲಿ ಎಡಗಡೆ ಏನೋ ಬಿಳಿ ಚುಕ್ಕೆಗಳು ಕಂಡಿವೆ, ಇನ್ನೊಮ್ಮೆ ಬನ್ನಿ, ಹತ್ತರಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲ ಎಂದು ಆ ಕಡೆಯ ಹುಡುಗಿ ಬಾಯಿಪಾಠ ಒಪ್ಪಿಸಿದಳು. ಲತಾಶ್ರೀಯ ಕಿವಿಗೆ ಬಿದ್ದದ್ದು ಹತ್ತನೆಯದು ಮಾತ್ರ. ಅವಳ ಅಕ್ಕ ವಸುಮತಿ ಆ ಹತ್ತನೆಯವಳಾಗಿದ್ದಳು. ಮಂಡ್ಯದಲ್ಲಿ ಅವಳ ಕೈಗೆ ಗಂಟು ಸಿಕ್ಕುವ ಹೊತ್ತಿಗೆ ಕಾಲ ಮಿಂಚಿಹೋಗಿತ್ತು. ಅವಳು ಹೋಗಿ ನಾಲ್ಕು ವರ್ಷವಾಯಿತು.

ಶಾಲೆಯ ದಿನಗಳಲ್ಲಿ ಪರೀಕ್ಷೆ ಬಂತೆಂದರೆ ಅಕ್ಕ ಅಂಗೈಗೆ ಪೌಡರ್ ಸುರಿದುಕೊಂಡು ತಂಗಿಯ ಕುತ್ತಿಗೆಗೆ, ಕಂಕುಳಿಗೆ ಸವರಿ, "ಹೋಗು, ನೀನೇ ಫಸ್ಟು," ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದಳು. ಲತಾಶ್ರೀ ಫಸ್ಟ್ ಬಂದದ್ದು ಒಂದೇ ಸಲ, ಅದೂ ಹೊಲಿಗೆಯಲ್ಲಿ. ಆದರೂ ಪೌಡರಿನ ಮೇಲಿನ ನಂಬಿಕೆ ಮಾತ್ರ ಕದಲಲಿಲ್ಲ. ಅಕ್ಕ ಬಳಸುತ್ತಿದ್ದ ಕೊನೆಯ ಡಬ್ಬಿ ಅವಳ ಸೂಟ್‌ಕೇಸಿನಲ್ಲಿ ಅಮೆರಿಕದ ಕ್ಯಾಂಟನ್‌ವರೆಗೆ ಬಂತು. ಡ್ರೈವಿಂಗ್ ಟೆಸ್ಟು, ವೀಸಾ ಇಂಟರ್‌ವ್ಯೂ, ಇಂಥ ದಿನಗಳಿಗೆ ಮಾತ್ರ ಅದರಿಂದ ಒಂದು ಚಿಟಿಕೆ. ಅದೇ ಪೌಡರು ಅಲ್ಲಿನ ಇಂಡಿಯನ್ ಸ್ಟೋರಿನಲ್ಲೂ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಅಕ್ಕನ ಟ್ರಂಕಿನ ನುಸಿಗುಳಿಗೆಯ ವಾಸನೆ ಎಲ್ಲಿಂದ ಬರಬೇಕು!

ಮೊದಲ ಸಲ ಎಕ್ಸ್‌ರೇಗೆ ಬರುವ ದಿನ ಸೆಂಟು, ಪೌಡರು ಏನೂ ಹಾಕಬೇಡಿ ಎಂದು ಕಾಗದದಲ್ಲಿ ಬರೆದಿತ್ತು. ಓದಿಯೂ ಇದ್ದಳು. ಅಕ್ಕನನ್ನು ಕೊಂದ ರೋಗದ ಪರೀಕ್ಷೆಗೆ ಅಕ್ಕನಿಲ್ಲದೆ ಹೋಗುವುದು ಹೇಗೆ? ಡಬ್ಬಿ ಬೋರಲು ಹಾಕಿ, ತಳ ತಟ್ಟಿ, ಉಳಿದದ್ದನ್ನೆಲ್ಲ ಸವರಿಕೊಂಡು ಹೊರಟಿದ್ದಳು. ಪೌಡರ್ ಹಾಕಿದ್ದೀರಾ ಎಂದು ಟೆಕ್ನಿಷಿಯನ್ ಕೇಳಿದಾಗ ಕಣ್ಣು ಮಿಟುಕಿಸದೆ "ನೋ" ಎಂದಿದ್ದಳು. ಅವಳ ಪಾಲಿಗೆ ಅದು ಪೌಡರಲ್ಲ, ಅಕ್ಕನ ಕೈ.

ಇವತ್ತು ಮೈಗೆ ಬರೀ ಸೋಪು. ಕಾರಿನಲ್ಲಿ ಗಂಡ ಹೃಷೀಕೇಶ, "ಏನೂ ಇರಲ್ಲ ಕಣೆ, ನೀನು ಸುಮ್ನೆ ಟೆನ್ಷನ್ ಮಾಡ್ಕೋಬೇಡ," ಎಂದು ಧೈರ್ಯ ಹೇಳುತ್ತಾ ತಾನೇ ಹೆದ್ದಾರಿಯ ಎಕ್ಸಿಟ್ ತಪ್ಪಿಸಿಕೊಂಡು ಎಂಟು ಮೈಲಿ ಸುತ್ತು ಹೊಡೆಸಿದ್ದ. ಆಸ್ಪತ್ರೆಯಿದ್ದ ವೆಸ್ಟ್ ಬ್ಲೂಮ್‌ಫೀಲ್ಡ್ ಬರುವವರೆಗೂ ಅವಳು ಗಡಿಯಾರ ನೋಡುತ್ತಲೇ ಇದ್ದಳು.

ಚಿತ್ರ ತೆಗೆದು ಅರ್ಧ ಗಂಟೆಗೆ ಡಾಕ್ಟರೇ ಒಳಗೆ ಕರೆದರು. ಮಬ್ಬುಗತ್ತಲೆಯ ಕೋಣೆ, ಎರಡು ದೊಡ್ಡ ಪರದೆ. ಡಾಕ್ಟರ ಹೆಸರು ಇಂದು; ಅಮೆರಿಕದಲ್ಲೇ ಹುಟ್ಟಿ ಬೆಳೆದ, ಮೈಸೂರಿನವರ ಮಗಳು.

"ಕೂತ್ಕೊಳ್ಳಿ ಆಂಟಿ. ಗುಡ್ ನ್ಯೂಸ್. ಆ ಚುಕ್ಕೆ ಎಲ್ಲಾ ಹೋಗಿದೆ. ಒಳಗೆ ಕಟ್ಟಿರೋ ರಿಯಲ್ ಕ್ಯಾಲ್ಸಿಯಂ ಆಗಿದ್ರೆ ಹೀಗೆ ಹೋಗಲ್ಲ. ಪೌಡರ್ ಕೂಡ ಎಕ್ಸ್‌ರೇಲಿ ಹಾಗೇ ಬಿಳಿ ಚುಕ್ಕೆ ಥರ ಕಾಣುತ್ತೆ. ಅವತ್ತು ಪೌಡರ್ ಹಾಕಿದ್ರಾ?"

ಲತಾಶ್ರೀ ಕುರ್ಚಿಯಲ್ಲಿ ಕುಸಿದಳು. ಐದು ದಿನದ ಉಸಿರು ಒಟ್ಟಿಗೇ ಹೊರಬಿತ್ತು. "ಹೂಂ ಡಾಕ್ಟ್ರೇ. ಸುಳ್ಳು ಹೇಳ್ಬಿಟ್ಟೆ. ನಮ್ಮಕ್ಕನ್ದು ಅದು."

ಡಾಕ್ಟರ್ ಬೈಯಲಿಲ್ಲ. "ಮೊದ್ಲು ನಾನು ನೋಡ್ತೀನಿ, ಆಮೇಲೆ ಕಂಪ್ಯೂಟರ್ ಡೌಟ್ ಇರೋ ಜಾಗ ಮಾರ್ಕ್ ಮಾಡುತ್ತೆ. ನಂಗೂ ಡೌಟ್ ಬಂತು, ಅದೂ ಅಲ್ಲೇ ಮಾರ್ಕ್ ಮಾಡ್ತು. ಪೌಡರೋ ಏನೋ ಅದಕ್ಕೆ ಗೊತ್ತಾಗಲ್ಲ ಆಂಟಿ. ನೆಕ್ಸ್ಟ್ ಇಯರ್ ಮಾತ್ರ ಹಾಕ್ಬೇಡಿ, ಓಕೆ?"

ಹಾಕಲು ಇನ್ನೇನಿದೆ? ಡಬ್ಬಿ ಖಾಲಿ. ಅವತ್ತು ಮನೆಗೆ ಹೋಗಿ ಸ್ನಾನ ಮಾಡಿದಾಗ ಮೈಮೇಲಿದ್ದದ್ದೂ ನೀರಿನ ಜೊತೆ ಹೋಗಿತ್ತು. ಬದುಕಿದೆ ಎಂಬ ಸಂತೋಷದ ಬೆನ್ನಿಗೇ ಅವಳಿಗೆ ಅಕ್ಕ ಬೇಕು ಅನ್ನಿಸಿತು.

"ಅವತ್ತಿನ ಫೋಟೋ ಅಳಿಸಿಬಿಡ್ತೀರಾ?"

"ಇಲ್ಲ ಇಲ್ಲ. ಪ್ರತಿ ವರ್ಷ ಹಳೇದು ಪಕ್ಕದಲ್ಲಿ ಇಟ್ಕೊಂಡೇ ಹೊಸದು ನೋಡೋದು."

"ಒಂದ್ಸಲ ತೋರಿಸ್ತೀರಾ?"

ಡಾಕ್ಟರ್ ಅವಳ ಮುಖ ನೋಡಿದರು. ಒಂದು ಗುಂಡಿ ಒತ್ತಿದರು. ಕಪ್ಪು ಪರದೆಯಲ್ಲಿ, ಕಂಕುಳ ಮಡಿಕೆಯ ಹತ್ತಿರ, ಅಕ್ಕನ ಪೌಡರಿನ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಗುಂಪಾಗಿ ನಿಂತಿದ್ದವು. ಪಕ್ಕದಲ್ಲಿ ಕಂಪ್ಯೂಟರ್ ಇಟ್ಟ ಪುಟ್ಟ ತ್ರಿಕೋನ.

ಹೊರಗೆ ಹೃಷೀಕೇಶ ಕಾಯುತ್ತಿದ್ದ. "ಒಂದೇ ನಿಮಿಷ," ಎಂದು ಲತಾಶ್ರೀ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.